ಹಗ್ಗ ಬಿಚ್ಚೋ ಮುಂಚೆ ನಾಯಿಗೆ 'ಬಾ' ಕಲಿಸಿ

ಮುಧೋಳ ಕಡೆ ಬೆಳಿಗ್ಗೆ ಹೊಲದ ದಾರಿಯಲ್ಲಿ ನಿಂತರೆ ಈ ಮಾತು ಕೇಳಿಸಿಯೇ ಕೇಳಿಸುತ್ತದೆ. "ಏ ರಾಜ್ಯಾ, ಬಾರಲೇ! ಬಾರಲೇ ಇಲ್ಲಿ! ಬರ್ತಿಯೋ ಇಲ್ಲೋ!" ರಾಜ್ಯಾ ಬರುವುದಿಲ್ಲ. ಒಮ್ಮೆ ತಿರುಗಿ ನೋಡುತ್ತಾನೆ, ಮತ್ತೆ ಬದು ಮೂಸಲು ಶುರು ಮಾಡುತ್ತಾನೆ. ಕೊನೆಗೆ ಮಾಲೀಕ ತಾನೇ ಹೋಗಿ ಹಿಡಿದು, ಎರಡು ಬಾರಿಸಿ, ಸರಪಳಿ ಹಾಕಿ ಎಳೆದುಕೊಂಡು ಬರುತ್ತಾನೆ. ನಾಯಿಗೆ ಮಾತು ತಿಳಿಯುವುದಿಲ್ಲ ಅಂದುಕೊಳ್ಳಬೇಡಿ. ಚೆನ್ನಾಗಿ ತಿಳಿದಿದೆ. 'ಬಾ' ಅಂದರೆ ಆಟ ಮುಗೀತು, ಸರಪಳಿ ಬಂತು, ಏಟೂ ಬೀಳಬಹುದು. ಅಂಥ ಕರೆಗೆ ಯಾರು ಓಡಿ ಬರುತ್ತಾರೆ ಹೇಳಿ?

ಅಂದರೆ ನಾವು ಕಲಿಸಬೇಕಾಗಿರುವುದು ಮಾತಿನ ಅರ್ಥವನ್ನಲ್ಲ. ಕರೆದಾಗ ಬಂದರೆ ಲಾಭ ಇದೆ ಅನ್ನೋ ನಂಬಿಕೆಯನ್ನು. ಆ ನಂಬಿಕೆ ಗಟ್ಟಿಯಾಗುವವರೆಗೆ ಹಗ್ಗ ಬಿಚ್ಚಬಾರದು. ಇಷ್ಟನ್ನು ಪಾಲಿಸಿದರೆ ಅರ್ಧ ಕೆಲಸ ಮುಗಿಯಿತು.

ಮೊದಲು ಕರೆಯೋ ಶಬ್ದ ಆರಿಸಿಕೊಳ್ಳಿ. ನಾಯಿಯ ಹೆಸರು ಬೇಡ. ಮನೆಯಲ್ಲಿ ಮಕ್ಕಳು, ಓಣಿಯವರು, ಹಾಲಿನವನು, ಎಲ್ಲರೂ ದಿನವಿಡೀ ಆ ಹೆಸರನ್ನು ಸುಮ್ನೆ ಕೂಗಿ ಕೂಗಿ ಸವೆಸಿರುತ್ತಾರೆ. 'ಬಾರಲೇ'ನೂ ಹಾಗೇ ಸವೆದಿದ್ದರೆ ಅದನ್ನೂ ಬಿಡಿ, ಹೊಸದೊಂದು ತನ್ನಿ. 'ಬಾಬಾಬಾ' ಅಂತ ಒಂದೇ ಉಸಿರಿನಲ್ಲಿ ಕೂಗಬಹುದು. ಜಾತ್ರೆಯಲ್ಲಿ ಸಿಗೋ ಪ್ಲಾಸ್ಟಿಕ್ ಸಿಳ್ಳೆಯೂ ಆಗುತ್ತದೆ. ನನ್ನ ಓಟು ಸಿಳ್ಳೆಗೆ. ನಮಗೆ ಸಿಟ್ಟು ಬಂದರೆ ದನಿ ಬದಲಾಗುತ್ತದೆ, ಅದು ನಾಯಿಗೆ ಕೂಡಲೇ ಗೊತ್ತಾಗುತ್ತದೆ. ಸಿಳ್ಳೆಗೆ ಸಿಟ್ಟು ಬರುವುದಿಲ್ಲ. ಮನೆಯಲ್ಲಿ ಯಾರು ಊದಿದರೂ ಒಂದೇ ಸದ್ದು, ದೂರಕ್ಕೂ ಕೇಳಿಸುತ್ತದೆ.

ಆಮೇಲೆ ತಿನಿಸು. ಒಣ ರೊಟ್ಟಿ ಚೂರಿಗೆ ಮನೆಯೊಳಗೆ ಬರಬಹುದು, ಆದರೆ ಹೊಲದಲ್ಲಿ ಮೊಲದ ವಾಸನೆ ಬಿಟ್ಟು ಬರಬೇಕಾದರೆ ಅದಕ್ಕೆ ತಕ್ಕ ಕೂಲಿ ಕೊಡಬೇಕು ಅಲ್ವಾ? ಉಪ್ಪು ಖಾರ ಹಾಕದೆ ಬೇಯಿಸಿದ ಕೋಳಿ ಲಿವರ್, ಬೇಯಿಸಿದ ಮೊಟ್ಟೆ, ಮಾಂಸ ಮಾಡದ ಮನೆಯಾದರೆ ಪನೀರ್. ಕಡಲೆಕಾಳಿನಷ್ಟು ಸಣ್ಣ ಚೂರು ಸಾಕು. ಆ ತಿನಿಸು ಬೇರೆ ಹೊತ್ತಿನಲ್ಲಿ ಸಿಗಬಾರದು, ಈ ಕರೆಗೆ ಮಾತ್ರ ಮೀಸಲು. ವಿಜಯಪುರದ ಕಡೆಯವರಿಗೆ ಒಂದು ಮಾತು: ಕೈಗೆ ಸುಲಭವಾಗಿ ಸಿಗುತ್ತದೆ ಅಂತ ಒಣದ್ರಾಕ್ಷಿ ಕೊಡಲೇಬೇಡಿ. ದ್ರಾಕ್ಷಿ ಹಸಿಯಾಗಲಿ ಒಣಗಿದ್ದಾಗಲಿ ನಾಯಿಗೆ ವಿಷ, ಮೂತ್ರಪಿಂಡ ಕೆಡುತ್ತದೆ. ಎಷ್ಟು ತಿಂದರೆ ತೊಂದರೆ ಅನ್ನೋ ಲೆಕ್ಕವೂ ಒಂದೊಂದು ನಾಯಿಗೆ ಒಂದೊಂದು ಥರ. ಚಾಕೊಲೇಟ್, ಈರುಳ್ಳಿಯೂ ಬೇಡ.

ಈಗ ಪಾಠ. ಪಡಸಾಲೆಯಲ್ಲಿ ನಾಯಿ ನಿಮ್ಮ ಪಕ್ಕದಲ್ಲೇ ಇದ್ದಾಗ ಸಿಳ್ಳೆ ಊದಿ, ಕೂಡಲೇ ಬಾಯಿಗೆ ಚೂರು ಇಡಿ. ಅದು ಏನೂ ಮಾಡಬೇಕಾಗಿಲ್ಲ, ಕೂರಬೇಕಾಗಿಲ್ಲ, ಬರಬೇಕಾಗಿಲ್ಲ. ಸದ್ದು, ಚೂರು. ಸದ್ದು, ಚೂರು. ಐದಾರು ಸಲ ಆದರೆ ಸಾಕು, ಎದ್ದು ಹೋಗಿ. ದಿನಕ್ಕೆ ಎರಡು ಮೂರು ಹೊತ್ತು ಹೀಗೆ ಮಾಡುತ್ತಾ ಹೋದರೆ ಕೆಲವು ದಿನಗಳಲ್ಲಿ ಒಂದು ಗುರುತು ಕಾಣುತ್ತದೆ. ಸಿಳ್ಳೆ ಕೇಳಿದ ಕೂಡಲೇ ನಾಯಿಯ ತಲೆ ಟಕ್ಕಂತ ನಿಮ್ಮ ಕಡೆ ತಿರುಗುತ್ತದೆ, ಕಣ್ಣು ನಿಮ್ಮ ಮುಖಕ್ಕಲ್ಲ, ಕೈಗೆ ಹೋಗುತ್ತದೆ. ಅದು ಬಂದ ಮೇಲೆ ಮುಂದಿನ ಹೆಜ್ಜೆ.

ಮುಂದಿನ ಹೆಜ್ಜೆ ಹಿತ್ತಲಲ್ಲಿ, ಇಬ್ಬರು ಸೇರಿ. ಒಬ್ಬರು ಬಾಗಿಲ ಹತ್ತಿರ, ಇನ್ನೊಬ್ಬರು ಬೇವಿನ ಮರದ ಹತ್ತಿರ ನಿಂತು ಸರದಿ ಮೇಲೆ ಕರೆಯಿರಿ. ಮಕ್ಕಳಿದ್ದರೆ ಇದು ಅವರಿಗೇ ಬಿಡೋ ಕೆಲಸ, ನಾಯಿಗಿಂತ ಜಾಸ್ತಿ ಅವರೇ ಓಡಾಡುತ್ತಾರೆ. ಇಲ್ಲೇ ಇನ್ನೊಂದು ರೂಢಿ ಹಾಕಿಬಿಡಿ. ನಾಯಿ ಬಂದ ಕೂಡಲೇ ಒಂದು ಕೈಯಿಂದ ಕೊರಳ ಪಟ್ಟಿ ಮುಟ್ಟಿ, ಇನ್ನೊಂದು ಕೈಯಿಂದ ಚೂರು ಕೊಡಿ, ಪಟ್ಟಿ ಬಿಟ್ಟುಬಿಡಿ. ಹೀಗೆ ಮಾಡದಿದ್ದರೆ ನಾಯಿ ಕೈಗೆಟುಕದಷ್ಟು ದೂರಕ್ಕೆ ಬಂದು ನಿಂತು, ಹಿಡಿಯಲು ಹೋದಾಗ ಜಿಗಿದು ಜಾರಿಕೊಳ್ಳೋ ಆಟ ಕಲಿಯುತ್ತದೆ. ಕಲಿತ ಮೇಲೆ ಬಿಡಿಸುವುದು ಭಾರಿ ಕಷ್ಟ.

ಒಂದೇ ಸಲ ಕರೆಯಿರಿ. ಬರಲಿಲ್ಲವಾ, ಮತ್ತೆ ಮತ್ತೆ ಕೂಗಬೇಡಿ. ಹತ್ತು ಸಲ ಕೂಗಿದರೆ ಹತ್ತನೇ ಸಲ ಬಂದರೂ ನಡೆಯುತ್ತದೆ ಅಂತ ನಾಯಿ ಲೆಕ್ಕ ಹಾಕುತ್ತದೆ. ಅದರ ಬದಲು ಹತ್ತಿರ ಹೋಗಿ, ಮೂಗಿನ ಮುಂದೆ ಚೂರು ತೋರಿಸಿ, ನಗುತ್ತಾ ಹಿಂದೆ ಹಿಂದೆ ಓಡಿ. ಮುಂದಿನ ಸಲ ಇನ್ನೂ ಹತ್ತಿರದಿಂದ ಕರೆಯಿರಿ.

ಹೊಲಕ್ಕೆ ಹೋಗುವಾಗ ಉದ್ದ ಹಗ್ಗ ಬೇಕು, ಹತ್ತು ಮೀಟರ್ ಆದರೂ ಇರಲಿ. ದನದ ಹಗ್ಗ, ಮಿಣಿ ಮಾರೋ ಅಂಗಡಿಯಲ್ಲೇ ಸಿಗುತ್ತದೆ. ನೂಲಿನದ್ದು ತಗೊಳ್ಳಿ, ನೈಲಾನ್ ಸರ್ರಂತ ಜಾರಿದರೆ ಅಂಗೈ ಚರ್ಮ ಸುಲಿಯುತ್ತದೆ. ಕೈಗೆ ಸುತ್ತಿಕೊಳ್ಳಬೇಡಿ. ಮುಧೋಳ ನಾಯಿ ಒಮ್ಮೆ ಜಿಗಿದರೆ ನಿಮ್ಮ ಬೆರಳು ನಿಮ್ಮದಾಗಿ ಉಳಿಯೋದು ಅನುಮಾನ. ಹಗ್ಗವನ್ನು ಕೊರಳ ಪಟ್ಟಿಗೆ ಕಟ್ಟದೆ ಎದೆಗೆ ಹಾಕೋ ಬೆಲ್ಟಿಗೆ ಕಟ್ಟಿ. ವೇಗವಾಗಿ ಓಡಿ ಹಗ್ಗದ ತುದಿಗೆ ಬಂದು ಜಗ್ಗಿದರೆ ಕುತ್ತಿಗೆಗೆ ಪೆಟ್ಟು. ಜೊತೆಗೆ ಈ ತಳಿಯ ತಲೆ ಕುತ್ತಿಗೆಗಿಂತ ಸಪೂರ, ಮಾಮೂಲಿ ಪಟ್ಟಿಯಿಂದ ತಲೆ ಹಿಂದಕ್ಕೆಳೆದು ಸಲೀಸಾಗಿ ಕಳಚಿಕೊಳ್ಳುತ್ತದೆ.

ಹಗ್ಗ ನೆಲದ ಮೇಲೆ ಎಳೆದಾಡಲಿ, ನೀವು ತುದಿಯ ಹತ್ತಿರ ನಡೆಯುತ್ತಿರಿ. ಬಾವಿಯಿಂದ ಕೊಡ ಸೇದಿದ ಹಾಗೆ ನಾಯಿಯನ್ನು ಸೇದಬಾರದು. ಓಡಿ ತಪ್ಪಿಸಿಕೊಳ್ಳೋ ಅವಕಾಶ ಸಿಗದಿರಲಿ ಅಂತ ಮಾತ್ರ ಆ ಹಗ್ಗ. ಬೇಕಾದರೆ ಮೇಲೆ ಕಾಲಿಟ್ಟು ನಿಲ್ಲಿ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಕರೆದಾಗ ಬಂತು, ಚೂರು ಕೊಟ್ಟಿರಿ. ಆಮೇಲೆ? ಮತ್ತೆ ಆಡಲು ಬಿಡಿ. "ಹೋಗು" ಅಂತ ಹೇಳಿ ಕಳಿಸಿ. ಹತ್ತು ಸಲ ಕರೆದರೆ ಒಂಬತ್ತು ಸಲ ವಾಪಸ್ ಹೋಗಲು ಬಿಡಬೇಕು, ಒಂದು ಸಲ ಮಾತ್ರ ಮನೆಗೆ. ಆಗ 'ಬಾ' ಅಂದರೆ ಆಟ ಮುಗೀತು ಅನ್ನೋ ಲೆಕ್ಕ ತಪ್ಪುತ್ತದೆ. ಹೆಚ್ಚಿನವರು ಎಡವೋದು ಇಲ್ಲೇ, ಮನೆಗೆ ಹೋಗೋ ಹೊತ್ತಿಗೆ ಮಾತ್ರ ಕರೆಯುತ್ತಾರೆ. ಸ್ನಾನ ಮಾಡಿಸಲು, ಗುಳಿಗೆ ನುಂಗಿಸಲು, ಉಣ್ಣಿ ತೆಗೆಯಲು ಕರೆಯಲೇಬೇಡಿ, ನೀವೇ ಹೋಗಿ ಕರೆದುಕೊಂಡು ಬನ್ನಿ. ಎಷ್ಟೇ ತಡವಾಗಿ ಬಂದರೂ, ಚಪ್ಪಲಿ ಹರಿದು ಬಂದರೂ, ಬಂದಿದ್ದಕ್ಕೆ ಬಯ್ಯಬೇಡಿ. ನಾಯಿ ಲೆಕ್ಕದಲ್ಲಿ ಆ ಬೈಗುಳ ಚಪ್ಪಲಿಗಲ್ಲ, ಬಂದಿದ್ದಕ್ಕೆ.

ಇನ್ನು ಮುಧೋಳ ನಾಯಿ ಸಾಕಿದವರಿಗೆ. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ನಾಯಿ ಇದು, ಸೈನ್ಯಕ್ಕೂ ಹೋಗಿದೆ. ಆದರೂ ಊರಲ್ಲಿ ಯಾವ ಕಾಕಾನನ್ನು ಕೇಳಿದರೂ "ತಮ್ಮಾ, ಅದು ಬೇಟಿ ನಾಯಿ, ಕರದ್ರ ಬರ್ತದೇನು?" ಅನ್ನುತ್ತಾರೆ. ಅರ್ಧ ನಿಜ. ಇದು ಮೂಗಿಗಿಂತ ಜಾಸ್ತಿ ಕಣ್ಣಿನಿಂದ ಬೇಟೆಯಾಡೋ ತಳಿ. ದೂರದಲ್ಲಿ ಏನಾದರೂ ಓಡಿದ್ದು ಕಂಡರೆ ಸಾಕು, ಕಾಲು ತಾನೇ ಓಡುತ್ತದೆ. ಓಡಲು ಶುರು ಮಾಡಿದ ಮೇಲೆ ಅದರ ಕಿವಿಗೆ ಏನೂ ಬೀಳುವುದಿಲ್ಲ, ಎಷ್ಟೇ ಚೆನ್ನಾಗಿ ಕಲಿಸಿದ್ದರೂ ಅಷ್ಟೇ. ಅದಕ್ಕೇ ಓಡುವ ಮುಂಚಿನ ಕ್ಷಣ ಹಿಡಿಯಬೇಕು. ನಡೆಯುತ್ತಿದ್ದ ನಾಯಿ ಗಕ್ಕನೆ ನಿಲ್ಲುತ್ತದೆ. ಕುತ್ತಿಗೆ ಉದ್ದವಾಗುತ್ತದೆ, ಕಿವಿ ಬುಡದಿಂದ ಎದ್ದು ಮುಂದಕ್ಕೆ ಬರುತ್ತದೆ, ಬಾಯಿ ಮುಚ್ಚುತ್ತದೆ, ಬಾಲ ಅಲುಗಾಡುವುದಿಲ್ಲ. ಒಂದು ಮುಂಗಾಲು ಎತ್ತಿದರೆ ಎತ್ತಿದಲ್ಲೇ ಇರುತ್ತದೆ. ಎರಡು ಸೆಕೆಂಡ್, ಅಷ್ಟೇ ನಿಮ್ಮ ಸಮಯ. ಆಗ ಊದಿ. ತಿರುಗಿ ಬಂದರೆ ಜೇಬಿನಲ್ಲಿರೋ ಲಿವರ್ ಪೂರ್ತಿ ಕೊಟ್ಟುಬಿಡಿ, ಒಂದೊಂದೇ ಚೂರಾಗಿ, ನಿಧಾನವಾಗಿ. ಜೊತೆಗೆ ಓಡೋ ಆಸೆಯೂ ತೀರಲಿ. ಕೋಲಿಗೆ ಹಗ್ಗ, ಹಗ್ಗದ ತುದಿಗೆ ಹಳೇ ಬಟ್ಟೆ ಕಟ್ಟಿ ನೆಲದ ಮೇಲೆ ಗಿರಗಿರ ತಿರುಗಿಸಿದರೆ ಈ ನಾಯಿಗೆ ಯಾವ ತಿನಿಸೂ ಬೇಡ. ಕರೆದಾಗ ಬಂದಿದ್ದಕ್ಕೆ ಅದೇ ಬಹುಮಾನ.

ತಿಮ್ಮಾಪುರದ ಶ್ವಾನ ಕೇಂದ್ರದಿಂದಲೋ ಪಕ್ಕದ ಊರಿನಿಂದಲೋ ಮರಿ ತಂದಿದ್ದರೆ, ತಂದ ದಿನದಿಂದಲೇ ಸಿಳ್ಳೆ-ಚೂರು ಪಾಠ ಶುರು ಮಾಡಬಹುದು, ಎರಡು ತಿಂಗಳ ಮರಿಗೂ ತಿಳಿಯುತ್ತದೆ. ಸಣ್ಣ ಮರಿ ಹೇಗೂ ಬೆನ್ನ ಹಿಂದೆಯೇ ಬರುತ್ತದೆ, ಅದನ್ನು ನೋಡಿ ಕಲಿತೇಬಿಟ್ಟಿತು ಅಂತ ಹಿಗ್ಗಬೇಡಿ. ಆರೇಳು ತಿಂಗಳು ದಾಟಿದ ಮೇಲೆ ಅದೇ ಮರಿ ನಿಮ್ಮ ಗುರುತೇ ಇಲ್ಲದ ಹಾಗೆ ನಡೆದುಕೊಳ್ಳುತ್ತದೆ. ಪ್ರಾಯದ ಹೊತ್ತು, ಸಹಜ. ಮತ್ತೆ ಹಗ್ಗ ಕಟ್ಟಿ, ಮತ್ತೆ ಹಿತ್ತಲಿನಿಂದ ಶುರು ಮಾಡಿ.

ಕಷ್ಟವನ್ನು ಸ್ವಲ್ಪ ಸ್ವಲ್ಪವೇ ಏರಿಸಿ. ಮೊದಲು ಖಾಲಿ ಹೊಲ, ಆಮೇಲೆ ದೂರದಲ್ಲಿ ಇನ್ನೊಂದು ನಾಯಿ, ಆಮೇಲೆ ಕುರಿ ಹಿಂಡು. ಹಿಂಡಿನ ಹತ್ತಿರ ಹಗ್ಗ ಕೈಯಲ್ಲೇ ಇರಲಿ. ಕುರಿ ಕಾಯೋರ ನಾಯಿಗಳು ತಮಾಷೆ ಮಾಡುವುದಿಲ್ಲ, ಕುರುಬಣ್ಣ ಅಂತೂ ಇನ್ನೂ ಮಾಡುವುದಿಲ್ಲ. ಬೇಸಿಗೆಯಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತದೆ, ಪಾಠ ಬಿಸಿಲೇರುವ ಮುಂಚೆಯೇ ಮುಗಿಯಲಿ, ನೀರು ಜೊತೆಗಿರಲಿ.

ಜಾಗವನ್ನೂ ನೋಡಿ ಬಿಡಬೇಕು. ಎದೆಯೆತ್ತರದ ಕಬ್ಬಿನೊಳಗೆ ಹೊಕ್ಕರೆ ನಿಮಗೆ ಅದು ಕಾಣುವುದಿಲ್ಲ, ಅದಕ್ಕೆ ನೀವು ಕಾಣುವುದಿಲ್ಲ. ಹಂದಿ ತಡೆಯಲು ಕರೆಂಟ್ ತಂತಿ ಕಟ್ಟಿರೋ ಹೊಲಗಳಿವೆ, ಕಟ್ಟೆಯಿಲ್ಲದ ಬಾವಿಗಳಿವೆ. ಕಾರ್ಖಾನೆ ಶುರುವಾದ ಮೇಲೆ ಎರಡೆರಡು ಟ್ರೇಲರ್ ಎಳೆದುಕೊಂಡು, ಹಾಡು ಹಚ್ಚಿಕೊಂಡು ಹೋಗೋ ಕಬ್ಬಿನ ಟ್ರ್ಯಾಕ್ಟರುಗಳಿಗೆ ನಿಮ್ಮ ಸಿಳ್ಳೆಯೂ ಕೇಳಿಸುವುದಿಲ್ಲ, ನಾಯಿಯೂ ಕಾಣಿಸುವುದಿಲ್ಲ. ಯಡಹಳ್ಳಿ ಚಿಂಕಾರ ಧಾಮದ ಸುತ್ತಮುತ್ತ ಹಗ್ಗ ಬಿಚ್ಚುವ ಯೋಚನೆಯೇ ಬೇಡ. ಬೇರೆ ಕಡೆಯೂ ಅಷ್ಟೇ, ನಾಯಿ ಬಿಟ್ಟು ಮೊಲ ಹಿಡಿಸುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ದೀಪಾವಳಿ ಪಟಾಕಿ, ಗುಡುಗು ಇರೋ ದಿನ ಕಲಿತ ನಾಯಿಯೂ ಹೆದರಿ ದಿಕ್ಕು ತಪ್ಪುತ್ತದೆ. ಆ ದಿನ ಬಿಚ್ಚಬೇಡಿ.

ಇಷ್ಟಾದರೂ ಒಂದು ದಿನ ಓಡಿಯೇಬಿಟ್ಟಿತು ಅನ್ನಿ. ಹಿಂದೆ ಓಡಬೇಡಿ. ನೀವು ಹಿಂದೆ ಬಿದ್ದಷ್ಟೂ ಅದಕ್ಕೆ ಅದು ಆಟ, ವೇಗದಲ್ಲಿ ನೀವು ಗೆಲ್ಲೋದೂ ಇಲ್ಲ. ಬೆನ್ನು ತಿರುಗಿಸಿ ಕೇಕೆ ಹಾಕುತ್ತಾ ಎದುರು ದಿಕ್ಕಿಗೆ ಓಡಿ, ಇಲ್ಲವೇ ನೆಲದಲ್ಲಿ ಕೂತು ಏನೋ ಸಿಕ್ಕಿದ ಹಾಗೆ ಮಣ್ಣು ಕೆದಕಿ. ಕುತೂಹಲ ತಡೆಯಲಾರದೆ ಬರುತ್ತದೆ. ಕಣ್ಣಿಗೇ ಕಾಣದಷ್ಟು ದೂರ ಹೋಗಿದ್ದರೆ ಬಿಟ್ಟ ಜಾಗದಲ್ಲೇ ಸ್ವಲ್ಪ ಹೊತ್ತು ನಿಲ್ಲಿ, ಬೇಟೆ ತಪ್ಪಿದ ಮೇಲೆ ಬಹಳ ನಾಯಿಗಳು ಅಲ್ಲಿಗೇ ವಾಪಸ್ ಬರುತ್ತವೆ. ಕತ್ತಲಾದರೆ ಅದು ಮಲಗೋ ಗೋಣಿಚೀಲ ತಂದು ಅಲ್ಲೇ ಹಾಸಿ, ಪಕ್ಕದ ತೋಟದವರಿಗೆ, ಕುರಿಯವರಿಗೆ ಹೇಳಿಟ್ಟು ಬನ್ನಿ. ಕೊರಳ ಪಟ್ಟಿಯ ಮೇಲೆ ನಿಮ್ಮ ಮೊಬೈಲ್ ನಂಬರ್ ಅಳಿಸದ ಪೆನ್ನಿನಲ್ಲಿ ಬರೆದಿದ್ದರೆ, ಸಿಕ್ಕವರು ಫೋನ್ ಮಾಡುತ್ತಾರೆ.