ಮೂರು ಮೆಟ್ಟಿಲು, ಒಂದು ಜಗಲಿ

ಕೋಲಾರದ ಹಳೇ ಪೇಟೆಯಲ್ಲಿ ಚಿಕ್ಕ ಸಮುದಾಯ ಭವನದ ನಕ್ಷೆ ಮಾಡುವ ಕೆಲಸ ಸಿಕ್ಕಿತು. ನಾನು ಮೊದಲು ಗೀಚಿದ್ದು ಮೂರು ಮೆಟ್ಟಿಲು. ಒಂದೊಂದು 150 ಮಿಲಿಮೀಟರ್, ಒಟ್ಟು 450. ಮಳೆನೀರು ಒಳಗೆ ನುಗ್ಗಬಾರದಲ್ವಾ? ಪಕ್ಕದಲ್ಲಿ ಉಳಿದ ಜಾಗಕ್ಕೆ 3.6 ಮೀಟರ್ ಉದ್ದದ ರ‍್ಯಾಂಪ್ ತುರುಕಿದೆ.

ನಿಯಮ ಗೊತ್ತಿರಲಿಲ್ಲ ಅಂತಲ್ಲ. ಒಂದು ಅಡಿ ಏರಲು ಹನ್ನೆರಡು ಅಡಿ ಇಳಿಜಾರು ಬೇಕು. ನನ್ನದು ಒಂದಕ್ಕೆ ಎಂಟು ಆಗಿತ್ತು. ನಡೆಯುತ್ತೆ ಬಿಡು ಅಂದುಕೊಂಡಿದ್ದೆ.

ನಕ್ಷೆ ಅಂತಿಮ ಮಾಡುವ ಮುಂಚೆ ಮರಳಿನ ಮೂಟೆ ಜೋಡಿಸಿ, ಹಲಗೆ ಹಾಸಿ, ಬೀದಿಯವರನ್ನು ಹತ್ತಿಸಿ ನೋಡಿದೆ. ಪೋಲಿಯೊ ಆದ ಒಬ್ಬರು ಕೈಯಲ್ಲಿ ತಿರುಗಿಸುವ ಮೂರು ಚಕ್ರದ ಗಾಡಿಯಲ್ಲಿ ಬಂದರು. ಅರ್ಧ ಹತ್ತಿದರು. ಗಾಡಿ ಹಿಂದಕ್ಕೆ ಜಾರಿತು, ಇಬ್ಬರು ಹಿಡಿದರು. "ಹಿಡಿಯೋಕೆ ಯಾರಾದ್ರೂ ಇದ್ರೆ ನಂಗೆ ಮೆಟ್ಟಿಲೇ ಸಾಕಲ್ಲ ಸಾರ್" ಅಂದರು. ಅಲ್ಲಿಗೆ ನನ್ನ ಬಾಯಿ ಮುಚ್ಚಿತು.

450ಕ್ಕೆ ಹನ್ನೆರಡು ಪಟ್ಟು ಅಂದರೆ 5.4 ಮೀಟರ್. ಮಧ್ಯದಲ್ಲಿ ತಿರುವು ಕೊಟ್ಟು ಹಿಡಿಸಬಹುದಿತ್ತು. ವೀಲ್‌ಚೇರ್ ತಿರುಗಲು 1.5 ಮೀಟರ್ ಜಾಗ ಸಾಕು. ಆದರೆ ನಮ್ಮ ಕಡೆ ಜಾಸ್ತಿ ಕಾಣುವುದು ಆ ಉದ್ದನೆಯ ಮೂರು ಚಕ್ರದ ಗಾಡಿ. ಅದು ಅಷ್ಟರಲ್ಲಿ ತಿರುಗುವುದಿಲ್ಲ. ಕೊನೆಗೆ ಬೀದಿಗುಂಟ ನೇರವಾಗಿ ಎಳೆದೆ.

ಆಗ ಒಂದು ಲಾಭ ಸಿಕ್ಕಿತು. 450 ಅಂದರೆ ಸರಿಯಾಗಿ ಕೂರುವ ಎತ್ತರ. ಕೈಕಂಬಿಯ ಹೊರಗೆ, ಬೀದಿಗೆ ಮುಖ ಮಾಡಿ ಚಪ್ಪಡಿ ಕಲ್ಲಿನ ಜಗಲಿ ಹಾಕಿಸಿದೆ. ರ‍್ಯಾಂಪ್ ಇಳಿದಂತೆ ಜಗಲಿಯೂ ಹಂತ ಹಂತವಾಗಿ ತಗ್ಗುತ್ತದೆ. ಮೇಲುತುದಿಯಲ್ಲಿ ಅಜ್ಜಂದಿರು, ಕೆಳತುದಿಯಲ್ಲಿ ಮಕ್ಕಳು. ಒಳಗೆ ಕಾರ್ಯಕ್ರಮ ಇಲ್ಲದ ದಿನವೂ ಅದು ತುಂಬಿರುತ್ತದೆ. ಕಲ್ಲಿಗೆ ಪಾಲಿಶ್ ಹೊಡೆಸೋಣ ಅಂತ ಮೇಸ್ತ್ರಿ ಹಟ ಹಿಡಿದ. ನನ್ನ ಹಿಂದಿನ ಕಟ್ಟಡವೊಂದರಲ್ಲಿ ನುಣುಪು ಗ್ರಾನೈಟ್ ಮೇಲೆ ಮಳೆಗಾಲದಲ್ಲಿ ಅಜ್ಜಿಯೊಬ್ಬರು ಬಿದ್ದಿದ್ದರು. ಚಾಣ ಹೊಡೆದ ಒರಟು ಕಲ್ಲೇ ಇರಲಿ ಅಂದೆ.

ಹೆಂಗಸರು ತಿದ್ದಿದ್ದು ಶೌಚಾಲಯದ ಬಾಗಿಲನ್ನು. ಅದು ನೇರ ಟೀ ಅಂಗಡಿಗೆ ಕಾಣುತ್ತಿತ್ತು. "ಅಲ್ಲಿ ಗಂಡಸರು ಕೂತಿರೋವಾಗ ಯಾರು ಹೋಗ್ತಾರೆ?" ಅಂತ ಒಬ್ಬರು ತೆಲುಗಿನಲ್ಲಿ ಕೇಳಿದರು. ಪಕ್ಕದವರು ಉರ್ದುವಿನಲ್ಲಿ ಅದಕ್ಕೊಂದು ಮಾತು ಸೇರಿಸಿದರು, ಎಲ್ಲರೂ ನಕ್ಕರು. ಬಾಗಿಲು ಹಿಂದಕ್ಕೆ ಹೋಯಿತು. ಅಗಲ 900 ಮಾಡಿದೆ, ಹೊರಗಡೆಗೆ ತೆರೆಯುವ ಹಾಗೆ. ಒಳಗಡೆಗೆ ತೆರೆದರೆ ಗಾಲಿಕುರ್ಚಿ ಹೋದ ಮೇಲೆ ಬಾಗಿಲು ಮುಚ್ಚಲಾಗದು. ಬೋರ್ಡಿನ ಅಕ್ಷರ ಓದಲು ಬಾರದವರಿಗೂ ಗೊತ್ತಾಗಲಿ ಅಂತ ಆ ಬಾಗಿಲಿಗೆ ಮಾತ್ರ ಕಡುನೀಲಿ ಬಣ್ಣ.

ಒಂದು ಮಾತ್ರ ಇನ್ನೂ ಬಗೆಹರಿದಿಲ್ಲ. ರ‍್ಯಾಂಪಿನ ಬುಡದಲ್ಲಿ ಸ್ಕೂಟರ್ ನಿಲ್ಲಿಸುತ್ತಾರೆ. ಕಲ್ಲುಕಂಬ ನೆಡೋಣ ಅಂದರೆ, ಮೂರು ಚಕ್ರದ ಗಾಡಿ ನುಗ್ಗುವ ಸಂದಿಯಲ್ಲಿ ಸ್ಕೂಟರ್ ಸಲೀಸಾಗಿ ನುಗ್ಗುತ್ತದೆ. ಸದ್ಯಕ್ಕೆ ಜಗಲಿಯ ಅಜ್ಜಂದಿರೇ ಬೈದು ಓಡಿಸುತ್ತಿದ್ದಾರೆ.