‘ಈ ಹಣ ಎಲ್ಲಿಯದು?’ ಬ್ಯಾಂಕಿನವರು ಕೇಳಿದಾಗ ಉತ್ತರಿಸುವ ಬಗೆ

ತೊಗರಿ ರಾಶಿ ಮುಗಿದು ಕಲಬುರಗಿಯ ಗಂಜಿನಲ್ಲಿ (ಕೃಷಿ ಮಾರುಕಟ್ಟೆಯಲ್ಲಿ) ಮಾರಾಟ ಜೋರಾದ ಮೇಲೆ ಬ್ಯಾಂಕುಗಳಲ್ಲಿ ಒಂದು ಜಗಳ ತಪ್ಪದೆ ಕೇಳಿಸುತ್ತದೆ: ‘ನನ್ನ ರೊಕ್ಕ, ನಿಮಗೇಕೆ ಲೆಕ್ಕ?’ ಇದರಲ್ಲಿ ಗೆದ್ದವರನ್ನು ನಾನು ಕಂಡಿಲ್ಲ. ‘ಈ ಹಣ ಎಲ್ಲಿಯದು?’ ಎಂಬ ಬ್ಯಾಂಕಿನ ಪ್ರಶ್ನೆ ಮ್ಯಾನೇಜರರ ಕುತೂಹಲವಲ್ಲ. 2002ರ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆ ಮತ್ತು ರಿಸರ್ವ್ ಬ್ಯಾಂಕಿನ ಕೆವೈಸಿ (ಗ್ರಾಹಕರ ಗುರುತು ಖಚಿತಪಡಿಸಿಕೊಳ್ಳುವ) ನಿಯಮಗಳು ಹೊರಿಸಿದ ಕೆಲಸ. ವಂಚಕರು ದೋಚಿದ ಹಣವನ್ನು ದಾಟಿಸಲು ಕೂಲಿಕಾರರ, ವಿದ್ಯಾರ್ಥಿಗಳ ಖಾತೆಗಳನ್ನು ಬಾಡಿಗೆಗೆ ಹಿಡಿಯುತ್ತಾರೆ. ಅದನ್ನು ಪತ್ತೆ ಹಚ್ಚಲೆಂದೇ ಈ ಪ್ರಶ್ನೆ.

ಮೊದಲು ಗುರುತಿನ ದಾಖಲೆ. ಖಾತೆಯ ಅಪಾಯದ ಮಟ್ಟ ನೋಡಿ 2, 8 ಅಥವಾ 10 ವರ್ಷಕ್ಕೊಮ್ಮೆ ಕೆವೈಸಿ ನವೀಕರಿಸಬೇಕು. ವಿವರ ಬದಲಾಗದಿದ್ದರೆ ಸ್ವಯಂ ಘೋಷಣೆಯೇ ಸಾಕು. ಪಾಸ್‌ಬುಕ್ಕಿನಲ್ಲಿ ‘ಶರಣಪ್ಪ’, ಆಧಾರ್‌ನಲ್ಲಿ ‘ಶರಣಬಸಪ್ಪ’ ಎಂದಿದ್ದರೆ ಮಾತ್ರ ಮೊದಲು ಅದನ್ನು ಸರಿಪಡಿಸಿಕೊಳ್ಳಿ.

ಜನ ಎಡವುವುದು ಎರಡನೆಯ ಹಂತದಲ್ಲಿ, ಅಂದರೆ ಹಣದ ಮೂಲ ಹೇಳುವಲ್ಲಿ. ಖಾತೆ ತೆರೆದಾಗ ಬರೆಸಿದ ಉದ್ಯೋಗ, ಆದಾಯ ನಿಮಗೆ ಮರೆತಿರಬಹುದು. ಬ್ಯಾಂಕಿನ ಕಂಪ್ಯೂಟರ್ ಮರೆತಿರುವುದಿಲ್ಲ. ನಮ್ಮ ಪರಿಚಯದ ಅಣ್ಣತಮ್ಮಂದಿರು ಮೂವರ ತೊಗರಿಯನ್ನೂ ಹಿರಿಯನ ಹೆಸರಿನಲ್ಲೇ ಮಾರಿದರು. ಹಣ ಅವನ ಖಾತೆಗೆ ಬಿತ್ತು. ಮರುದಿನವೇ ಮೂವರೂ ಅದನ್ನು ನಗದಾಗಿ ತೆಗೆಯಲು ಹೋದರು. ಖಾತೆಯಲ್ಲಿದ್ದ ಉದ್ಯೋಗ ‘ಕೂಲಿ’, ಆದಾಯ ವರ್ಷಕ್ಕೆ ₹40,000. ಜೆರಾಕ್ಸ್ ಅಂಗಡಿಯವನು ಎಂದೋ ತುಂಬಿಕೊಟ್ಟ ಅರ್ಜಿಯದು. ಇದ್ದಕ್ಕಿದ್ದಂತೆ ತುಂಬಿ ಮರುದಿನ ಬರಿದಾಗುವುದು ಬಾಡಿಗೆ ಖಾತೆಯ ಲಕ್ಷಣವೂ ಹೌದು. ಬ್ಯಾಂಕಿನವರು ಕೇಳಿದಾಗ ಹಿರಿಯ ಸಿಟ್ಟಿನಲ್ಲಿ ‘ಸಂಬಂಧಿಕರದು’ ಎಂದುಬಿಟ್ಟ. ಆ ಒಂದು ಮಾತಿಗೆ ಇನ್ನೂ ನಾಲ್ಕು ಪ್ರಶ್ನೆ ಹುಟ್ಟಿದವು.

ಬಾಯಿಂದ ವಿವರಿಸಲು ಹೋಗಬೇಡಿ, ಕಾಗದ ಕೊಡಿ. ದಲಾಲಿ ಅಂಗಡಿಯವರು ಕೊಟ್ಟ ಮಾರಾಟದ ಪಟ್ಟಿ, ಮೂವರ ಪಹಣಿ, ಜೊತೆಗೊಂದು ಪತ್ರ. ಪತ್ರದಲ್ಲಿ ಯಾವ ದಿನ, ಎಷ್ಟು, ಯಾರಿಂದ, ಏತಕ್ಕಾಗಿ ಬಂತು, ಯಾರಿಗೆ ಎಷ್ಟು ಪಾಲು ಎಂಬುದಿಷ್ಟೇ ಇರಲಿ. ಮಳೆ, ಸಾಲದ ಕಥೆ ಬೇಡ. ಪಟ್ಟಿ ಕಳೆದಿದ್ದರೆ ಅಂಗಡಿಯಲ್ಲಿ ನಕಲು ಕೇಳಿ. ಪತ್ರದ ನಿಮ್ಮ ಪ್ರತಿಗೆ ಮೊಹರು, ದಿನಾಂಕ ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ. ತಮ್ಮಂದಿರ ಪಾಲನ್ನು ಅವರವರ ಖಾತೆಗೇ ವರ್ಗಾಯಿಸಿ, ನಗದು ಬೇಡವೇ ಬೇಡ. ಉದ್ಯೋಗ, ಆದಾಯದ ವಿವರವನ್ನು ಅದೇ ದಿನ ತಿದ್ದಿಸಿ.

ನಗದು ವ್ಯವಹಾರ ₹10 ಲಕ್ಷ ಮೀರಿದರೆ ಕೇಂದ್ರ ಸರ್ಕಾರದ ಹಣಕಾಸು ಗುಪ್ತಚರ ಘಟಕಕ್ಕೆ ವರದಿಯಾಗುತ್ತದೆಂದು ಕೇಳಿ ಕೆಲವರು ಹಣವನ್ನು ತುಂಡು ಮಾಡಿ ದಿನಕ್ಕಿಷ್ಟು ಜಮಾ ಮಾಡುತ್ತಾರೆ. ಇದು ಅತಿಬುದ್ಧಿವಂತಿಕೆ. ಒಂದು ತಿಂಗಳೊಳಗಿನ ಇಂಥ ತುಂಡುಗಳನ್ನು ಕೂಡಿಸಿಯೇ ಲೆಕ್ಕ ಹಿಡಿಯುತ್ತಾರೆ. ವರದಿಯಾದ ಮಾತ್ರಕ್ಕೆ ಯಾರೂ ಅಪರಾಧಿಯಾಗುವುದಿಲ್ಲ, ತುಂಡು ಮಾಡಿದರೆ ಅನುಮಾನ ಹೆಚ್ಚುತ್ತದೆ. ‘ಅನುಮಾನಾಸ್ಪದ ಎಂದು ನನ್ನ ಮೇಲೆ ಬರೆದು ಕಳಿಸಿದ್ದೀರಾ?’ ಎಂದು ಗುಮಾಸ್ತರನ್ನು ಪೀಡಿಸಿಯೂ ಫಲವಿಲ್ಲ. ಅದನ್ನು ಗ್ರಾಹಕರಿಗೆ ಹೇಳಲು ನಿಯಮ ಬಿಡುವುದಿಲ್ಲ.

ಇದೇ ಪ್ರಶ್ನೆಗಳನ್ನು ಫೋನಿನಲ್ಲಿ ಕೇಳಿ ಒಟಿಪಿ, ಲಿಂಕ್ ಎಂದರೆ ಮಾತು ಬೆಳೆಸದೆ ಕರೆ ಕಡಿದು ಶಾಖೆಗೆ ಹೋಗಿ. ಹಣ ಆಗಲೇ ಹೋಗಿದ್ದರೆ ಶಾಖೆಗಿಂತ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.