ಕ್ಯಾತ್ಸಂದ್ರ ತಲುಪುವವರೆಗೆ ತಿರುಗಬೇಕಾದ ಬುಗುರಿ

ತುಮಕೂರಿನ ನಮ್ಮ ಶೆಡ್ಡಿನಲ್ಲಿ ಭಾನುವಾರ ಸೇರುವ ನಾಲ್ವರಲ್ಲಿ ಯಾರೂ ಅಲ್ಲಿರುವ ಲೇತ್‌ನಿಂದ (ಲೋಹವನ್ನು ತಿರುಗಿಸುತ್ತಾ ಕಡಿದು ರೂಪ ಕೊಡುವ ಯಂತ್ರ) ಹೊಟ್ಟೆ ಹೊರೆಯುವವರಲ್ಲ. ಒಬ್ಬರು ಇಲ್ಲಿನ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ನಮಗೆಲ್ಲ ಅವರು ಅಣ್ಣ. ಇನ್ನೊಬ್ಬರು ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು. ಮೂರನೆಯವನು ಮೋಟಾರ್ ರಿವೈಂಡಿಂಗ್ ಮಾಡುವ ಹುಡುಗ. ನಾನು ಬ್ಯಾಂಕಿನ ಲೆಕ್ಕದಿಂದ ಬಿಡುವು ಸಿಕ್ಕಾಗ ಲೋಹದ ಕಡೆ ತಿರುಗುವವನು. ಅಲ್ಲಿ ನಡೆಯುವ ಮಾತಿನ ಬಹುಪಾಲು ತಮಾಷೆಯೇ. ಆದರೂ ಲೇತ್ ಕೆಲಸದಲ್ಲಿ ನಾನು ನಿಜವಾಗಿ ಕಲಿತದ್ದೆಲ್ಲ ಅಂಥ ತಮಾಷೆಯ ಪ್ರಶ್ನೆಗಳನ್ನು ಬೆನ್ನಟ್ಟಿದ್ದರಿಂದಲೇ ಬಂದಿದೆ.

ಹುಡುಗ ಕೇಳಿದ ಪ್ರಶ್ನೆ ಇಷ್ಟೇ: “ಮೇಷ್ಟ್ರೇ, ಇಲ್ಲಿ ಒಂದು ಬುಗುರಿ ಬಿಟ್ಟು, ತುಮಕೂರು ಸ್ಟೇಷನ್ನಿಂದ ರೈಲು ಹೊರಟರೆ, ಅದು ಕ್ಯಾತ್ಸಂದ್ರ ಮುಟ್ಟೋವರೆಗೂ ಬುಗುರಿ ತಿರುಗ್ತಾ ಇರುತ್ತಾ?” ಕ್ಯಾತ್ಸಂದ್ರ ಬೆಂಗಳೂರಿನ ಕಡೆಗೆ ಮುಂದಿನ ನಿಲ್ದಾಣ. ಚಾಟಿ ಸುತ್ತಿ ಬಿಡುವ ಮರದ ಬುಗುರಿ ಪ್ಲಾಟ್‌ಫಾರ್ಮ್ ದಾಟುವ ಮೊದಲೇ ಮಲಗಿಬಿಡುತ್ತದೆ ಎಂದು ಎಲ್ಲರೂ ಒಪ್ಪಿದೆವು. ಹಾಗಾದರೆ ಎಂಥ ಬುಗುರಿ ಬೇಕು ಎಂಬಲ್ಲಿಂದ ನಮ್ಮ ಕೆಲಸ ಆರಂಭವಾಯಿತು.

ಆಕಾರದ ಬಗ್ಗೆಯೇ ಮೊದಲ ಜಗಳ. ಹುಡುಗನಿಗೆ ದಪ್ಪನೆಯ, ಗುಂಡಗಿನ ಬುಗುರಿ ಬೇಕಾಗಿತ್ತು. “ಮುದ್ದೆ ಥರ ಇದ್ದರೆ ಭಾರ ಎಲ್ಲಾ ನಡುವೆ ಕೂತುಬಿಡುತ್ತೆ ಕಣಪ್ಪಾ, ತಟ್ಟೆ ಥರ ಇರಲಿ” ಎಂದರು ಮೇಷ್ಟ್ರು. ತಿರುಗುವ ವಸ್ತುವಿನ ಪ್ರತಿಯೊಂದು ಕಣದ ಜಡತ್ವವೂ, ಅಂದರೆ ತಿರುಗುವಿಕೆಯನ್ನು ಉಳಿಸಿಕೊಳ್ಳುವ ಗುಣವೂ, ನಡುವಿನಿಂದ ಅದಕ್ಕಿರುವ ದೂರದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಅಂಚಿನಲ್ಲಿರುವ ಒಂದು ಗ್ರಾಮು ಅರ್ಧ ದೂರದಲ್ಲಿರುವ ನಾಲ್ಕು ಗ್ರಾಮುಗಳಿಗೆ ಸಮ. ಅಣ್ಣ ಅದೇ ಮಾತನ್ನು ಹಳೆಯ ಕೈಗಡಿಯಾರವೊಂದರ ಹಿಂಬದಿ ಬಿಚ್ಚಿ ತೋರಿಸಿದರು. ಅತ್ತಿತ್ತ ತಿರುಗುತ್ತಾ ಗಂಟೆಗೆ 18,000 ಬಡಿತ ಬಡಿದು ಗಡಿಯಾರದ ಗತಿ ಕಾಯುವ ಬ್ಯಾಲೆನ್ಸ್ ಚಕ್ರದಲ್ಲಿ ಲೋಹವೆಲ್ಲ ಅಂಚಿನಲ್ಲಿದೆ, ನಡುವೆ ತೆಳ್ಳನೆಯ ಕಡ್ಡಿಯಷ್ಟೇ ಇದೆ. ಅದರ ಅಚ್ಚಿನ ತುದಿ ದುಂಡಗೆ ಹೊಳಪಾಗಿ, ಗಟ್ಟಿಯಾದ ಕೃತಕ ಮಾಣಿಕ್ಯದ ಮೇಲೆ ನಿಂತಿದೆ. ನಮಗೆ ಬೇಕಾದ ನಕ್ಷೆ ಅಲ್ಲಿಯೇ ಇತ್ತು. 1978ರಲ್ಲಿ ಆರಂಭವಾದ ಆ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ಅಲ್ಲಿ ದುಡಿದವರ ಕೈಯಲ್ಲಿರುವ ಈ ಬಗೆಯ ತಿಳಿವಳಿಕೆ ಊರಿನಲ್ಲಿ ಇನ್ನೂ ಉಳಿದಿದೆ ಎಂಬುದು ನನಗೆ ಬಹಳ ದೊಡ್ಡ ಸಂಗತಿ.

ಲೋಹವಾಗಿ ಹಿತ್ತಾಳೆಯನ್ನು ಆರಿಸಿದೆವು. ಅದು ಅಲ್ಯೂಮಿನಿಯಂಗಿಂತ ಸುಮಾರು ಮೂರು ಪಟ್ಟು ಭಾರ, ಕಡಿಯಲು ಸಲೀಸು. ಗುಜರಿ ಅಂಗಡಿಯಲ್ಲಿ 38 ಮಿ.ಮೀ. ದಪ್ಪದ ತುಂಡು ಸಿಕ್ಕಿತು. ಇಲ್ಲಿಂದ ಮುಂದಿನ ಇಡೀ ಕೆಲಸ ನಿಂತಿರುವುದು ಒಂದು ನಿಯಮದ ಮೇಲೆ: ಲೇತ್‌ನಲ್ಲಿ ಲೋಹವನ್ನು ಕಚ್ಚಿ ಹಿಡಿದು ತಿರುಗಿಸುವ ಚಕ್‌ನಲ್ಲಿ ಒಮ್ಮೆ ಹಿಡಿದ ರಾಡನ್ನು ಬುಗುರಿ ಮುಗಿಯುವವರೆಗೆ ಸಡಿಲಿಸಬಾರದು. ತೆಗೆದು ತಿರುಗಿಸಿ ಹಿಡಿದರೆ ಅಂಚಿನ ನಡು ಒಂದು ಕಡೆ, ತುದಿಯ ನಡು ಇನ್ನೊಂದು ಕಡೆ ಆಗಿ, ಬುಗುರಿ ನಡುಗುತ್ತಲೇ ತಿರುಗುತ್ತದೆ. ಆದ್ದರಿಂದ ತಳವನ್ನು ಹೊರಗಡೆಗೆ ಇಟ್ಟುಕೊಂಡು, ಮೊದಲು ಮುಖ ಸಮ ಮಾಡಿ, ಸೆಂಟರ್ ಡ್ರಿಲ್‌ನಿಂದ ನಡು ಗುರುತಿಸಿ, ಮೂರು ಮಿ.ಮೀ. ಬೇರಿಂಗ್ ಗುಂಡು ಬಿಗಿಯಾಗಿ ಕೂರುವಷ್ಟು ತೂತು ಕೊರೆದೆ. ನಂತರ ತಳವನ್ನು ಒಳಕ್ಕೆ ಕೊರೆದು ಅಂಚನ್ನು ಮಾತ್ರ ದಪ್ಪವಾಗಿ ಉಳಿಸಿ, ಹೊರಮೈ ತಿರುವಿದೆ.

ಕಷ್ಟ ಬರುವುದು ಹಿಡಿಕಡ್ಡಿ ಮಾಡುವಾಗ. ಅದು ಚಕ್‌ನ ಕಡೆಗಿರುತ್ತದೆ. ಅದನ್ನು ಸಣ್ಣಗೆ ಮಾಡುತ್ತಾ ಹೋದಂತೆ ಅದರ ತುದಿಯಲ್ಲಿರುವ ಭಾರದ ತಟ್ಟೆ ಅದುರತೊಡಗುತ್ತದೆ, ಲೋಹದ ಮೇಲೆ ಅಲೆಗಳು ಮೂಡುತ್ತವೆ. ಗುಂಡಿಗಾಗಿ ಕೊರೆದ ತೂತಿನ ಬಾಯಿಗೇ, ಲೇತ್‌ನ ಎದುರು ತುದಿಯ ಟೇಲ್‌ಸ್ಟಾಕ್‌ನಲ್ಲಿರುವ ಲೈವ್ ಸೆಂಟರ್ (ಲೋಹದ ಜೊತೆಗೇ ತಿರುಗುವ ಮೊನೆ) ಕೊಟ್ಟು ಹಿಡಿದಾಗ ಅದುರು ನಿಂತಿತು. ಕಡ್ಡಿಯನ್ನು ಐದು ಮಿ.ಮೀ.ಗೆ ಇಳಿಸಿದೆ. ಇನ್ನೂ ಸಣ್ಣದಾದರೆ ಬೆರಳು ಹೊಸೆದಾಗ ವೇಗ ಹೆಚ್ಚು ಬರುತ್ತದೆ ನಿಜ, ಆದರೆ ಭಾರದ ಬುಗುರಿಯನ್ನು ಹೊರಡಿಸುವಷ್ಟು ಹಿಡಿತ ಸಿಗುವುದಿಲ್ಲ.

ಹಿತ್ತಾಳೆಗೆ ಹೊಸಬರಾದವರಿಗೆ ಒಂದು ಮಾತು. ಉಕ್ಕಿಗೆ ಮಸೆದ ಟೂಲನ್ನು ಹಾಗೆಯೇ ಬಳಸಿದರೆ ಅದು ಲೋಹವನ್ನು ಕಚ್ಚಿ ಒಳಕ್ಕೆ ಎಳೆದುಕೊಳ್ಳುತ್ತದೆ. ಟೂಲಿನ ಮೇಲ್ಮುಖ ಚಪ್ಪಟೆಯಾಗಿರಬೇಕು, ಡ್ರಿಲ್ಲಿನ ತುಟಿಯನ್ನೂ ಕಲ್ಲಿನಲ್ಲಿ ಸ್ವಲ್ಪ ಚಪ್ಪಟೆ ಮಾಡಿಕೊಳ್ಳಬೇಕು. ಚೂರುಗಳು ಸೂಜಿಯಂತೆ ಸಿಡಿಯುವುದರಿಂದ ಕಣ್ಣಿಗೆ ಕನ್ನಡಕ ಬೇಕೇ ಬೇಕು. ಹೆಗಲ ಮೇಲೆ ಟವೆಲ್ ಇದ್ದವರನ್ನು ಅಣ್ಣ ಲೇತ್ ಹತ್ತಿರವೇ ಬಿಡುವುದಿಲ್ಲ.

ಕಡ್ಡಿಯನ್ನು ಕತ್ತರಿಸಿ, ಗುಂಡನ್ನು ಒತ್ತಿ ಕೂರಿಸಿ, ತಗ್ಗಾದ ಶೇವಿಂಗ್ ಕನ್ನಡಿಯ ಮೇಲೆ ಬಿಟ್ಟೆವು. ತಗ್ಗಿರುವುದರಿಂದ ಬುಗುರಿ ಅಲೆದಾಡಿದರೂ ನಡುವಿಗೇ ಮರಳುತ್ತದೆ. ಅದು ನಿದ್ದೆ ಹೋದಂತೆ ನಿಂತು ತಿರುಗಿದ ರೀತಿಗೆ ಅಣ್ಣ ಬಾಯಿ ತುಂಬ “ಭಲೇ” ಎಂದರು. ಮೇಷ್ಟ್ರ ಹೊಸ ತರ್ಕ ಆಗಲೇ ಸಿದ್ಧವಾಗಿತ್ತು: ಬುಗುರಿಯ ವೇಗ ತಿನ್ನುವುದು ತುದಿಯ ಘರ್ಷಣೆಯ ಜೊತೆಗೆ ಸುತ್ತಲಿನ ಗಾಳಿ, ಸುಮಾರು 1,200 ಮೀಟರ್ ಎತ್ತರದ ದೇವರಾಯನದುರ್ಗದಲ್ಲಿ ಗಾಳಿ ಇಲ್ಲಿಗಿಂತ ನೂರಕ್ಕೆ ನಾಲ್ಕರಷ್ಟು ತೆಳು, ಆದ್ದರಿಂದ ಸ್ಪರ್ಧೆಯನ್ನು ಬೆಟ್ಟದ ಮೇಲೆ ನಡೆಸೋಣ. “ಅಲ್ಲಿ ಕೋತಿ ಎತ್ತಿಕೊಂಡು ಹೋದರೆ ಆ ಹೊತ್ತನ್ನೂ ಲೆಕ್ಕಕ್ಕೆ ಹಿಡೀಬೇಕಾ ಮೇಷ್ಟ್ರೇ?” ಎಂದು ಹುಡುಗ ಕೇಳಿದ.

ಕೊನೆಗೆ ಅವನೇ ರೈಲು ಹತ್ತಿದ. ಬುಗುರಿ ಐದು ನಿಮಿಷ ದಾಟಿ ತಿರುಗಿ ಒರಗಿದಾಗ ಫೋನಿನಲ್ಲಿ ಕೇಳಿದರೆ, ಕ್ಯಾತ್ಸಂದ್ರ ಇನ್ನೂ ಬಂದಿರಲಿಲ್ಲ. ರೈಲು ನಡುವೆ ನಿಧಾನವಾಯಿತು, ಅದನ್ನು ಕಳೆಯಬೇಕು ಎಂಬುದು ಅವನ ವಾದ. ಬುಗುರಿಗೆ ರೈಲಿನ ಕಷ್ಟ ಗೊತ್ತಿಲ್ಲ ಎಂಬುದು ಅಣ್ಣನ ತೀರ್ಪು. ಈಗ ಅಲ್ಯೂಮಿನಿಯಂ ನಡುವಿಗೆ ಹಿತ್ತಾಳೆ ಅಂಚು ಹಾಕುವ ಕೆಲಸ ಹಿಡಿದಿದ್ದೇವೆ. 30 ಮಿ.ಮೀ. ಒಳವ್ಯಾಸದ ಹಿತ್ತಾಳೆ ಬಳೆ 150 ಡಿಗ್ರಿಯಷ್ಟು ಬಿಸಿಯೇರಿದರೆ ಸುಮಾರು 0.08 ಮಿ.ಮೀ. ಹಿಗ್ಗುತ್ತದೆ, ನಡುಭಾಗವನ್ನು 0.03 ಮಿ.ಮೀ. ದೊಡ್ಡದಾಗಿ ತಿರುವಿದರೆ, ಬಿಸಿ ಬಳೆ ಸಲೀಸಾಗಿ ಇಳಿದು, ತಣಿದ ಮೇಲೆ ಕಚ್ಚಿ ಕೂರುತ್ತದೆ. ಅದನ್ನು ಬುಗುರಿ ಎನ್ನಬೇಕೋ ಗಾಡಿಯ ಚಕ್ರ ಎನ್ನಬೇಕೋ ಎಂಬ ಜಗಳ ಈ ಭಾನುವಾರಕ್ಕೆ ಬಾಕಿ ಇದೆ.